ಕಥೆ ಕೇಳುತ್ತಾರೆ, ಆದರೆ ಕಥೆ ಹೇಳು ಅಂದರೆ ಬಾಯಿ ಬಿಡುವುದಿಲ್ಲ. ನಲಿ-ಕಲಿ ತರಗತಿಯಲ್ಲಿ ಏನು ಮಾಡಲಿ?

ಕೂಡ್ಲಿಗಿ ಟೀಚರ್ ಕೇಳಿದ್ದು:

ನಮಸ್ಕಾರ. ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನಲ್ಲಿ ಒಂದು ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ಮೊದಲ ಮೂರು ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ನನ್ನ ಪಾಲಿಗಿದೆ. ಒಂದು, ಎರಡು, ಮೂರನೇ ತರಗತಿ ಸೇರಿ 26 ಮಕ್ಕಳು. ಅರ್ಧಕ್ಕರ್ಧ ಪಕ್ಕದ ತಾಂಡಾದವರು. ಮನೆಯಲ್ಲಿ ಲಂಬಾಣಿ, ಶಾಲೆಗೆ ಬಂದ ಮೇಲೆ ಕನ್ನಡ.

ನಾನು ಕಥೆ ಹೇಳಿದರೆ ಎಲ್ಲರೂ ಕಣ್ಣು ಮಿಟುಕಿಸದೆ ಕೇಳುತ್ತಾರೆ. ಕಾಲುಚೀಲದ ಗೊಂಬೆ ಮಾಡಿಕೊಂಡಿದ್ದೇನೆ, ದನಿ ಬದಲಾಯಿಸಿ ಹೇಳುತ್ತೇನೆ, ಅದೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ‘ಈಗ ನೀವೊಂದು ಕಥೆ ಕಟ್ಟಿ ಹೇಳಿ’ ಅಂದರೆ ತರಗತಿ ಸುಮ್ಮನಾಗುತ್ತದೆ. ಮೂರನೇ ತರಗತಿಯ ನಾಲ್ಕು ಮಕ್ಕಳು ಮಾತ್ರ ಕೈ ಎತ್ತುತ್ತಾರೆ. ಅವರೂ ‘ಒಂದು ಕಾಡಿನಲ್ಲಿ ಒಂದು ಸಿಂಹ ಇತ್ತು’ ಅಂತ ಶುರು ಮಾಡಿ, ಪುಸ್ತಕದ ಕಥೆಯನ್ನೇ ಒಪ್ಪಿಸಿ, ಕೊನೆಗೆ ‘ಈ ಕಥೆಯ ನೀತಿ’ ಅಂತ ಒಂದು ಸಾಲು ಸೇರಿಸಿ ಕೂತುಬಿಡುತ್ತಾರೆ.

ಇದೇ ಮಕ್ಕಳು ಬಿಸಿಯೂಟದ ಸಾಲಿನಲ್ಲಿ ಎಷ್ಟು ಮಾತಾಡುತ್ತಾರೆ ಗೊತ್ತಾ? ನಮ್ಮ ಕಡೆ ಕರಡಿ ಜಾಸ್ತಿ. ಗುಡೇಕೋಟೆಯಲ್ಲಿ ಕರಡಿಧಾಮವೇ ಇದೆ. ಶೇಂಗಾ ಹೊಲಕ್ಕೆ ಕರಡಿ ಬಂದಿದ್ದು, ಅಜ್ಜ ಡಬ್ಬ ಬಡಿದಿದ್ದು, ನಾಯಿ ಹೆದರಿ ಮಂಚದ ಕೆಳಗೆ ಸೇರಿಕೊಂಡಿದ್ದು, ಎಲ್ಲವನ್ನೂ ಕೈಕಾಲು ಆಡಿಸಿ ಹೇಳಿಕೊಳ್ಳುತ್ತಾರೆ. ಕಥೆ ಹೇಳು ಅಂದಾಗ ಮಾತ್ರ ಸಿಂಹ!

ಒಂದನೇ ತರಗತಿಯ ತಾಂಡಾ ಮಕ್ಕಳಂತೂ ನನ್ನ ಹತ್ತಿರ ಇನ್ನೂ ಬಾಯೇ ಬಿಟ್ಟಿಲ್ಲ. ಅವರನ್ನು ಹೇಗೆ ಸೇರಿಸಿಕೊಳ್ಳಲಿ? ದಿನಾ ಎಷ್ಟು ಹೊತ್ತು ಕೊಡಬಹುದು? ‘ಕಥೆ ಸಾಕು, ಏಣಿ ಹತ್ತಿಸಿ’ (ಅಂದರೆ ಕಾರ್ಡುಗಳ ಕಲಿಕಾ ಏಣಿಯಲ್ಲಿ ಮಕ್ಕಳನ್ನು ಮುಂದೆ ಸಾಗಿಸಿ) ಅಂತ ಮೇಲಿನವರು ಹೇಳಿದರೆ ಏನು ಉತ್ತರ ಕೊಡಲಿ? ಮಾಡಿ ನೋಡಿದವರು ಹೇಳಿ, ದಯವಿಟ್ಟು.

---

ಕೋಟೆ ಮೇಡಂ:

ಮೇಡಂ, ನಾನು ಹೆಗ್ಗಡದೇವನಕೋಟೆ ಕಡೆಯವಳು. ಕಾಡಂಚಿನ ಶಾಲೆ. ಹಾಡಿಯ ಜೇನುಕುರುಬ ಮಕ್ಕಳು, ಊರಿನ ಮಕ್ಕಳು ಎಲ್ಲ ಒಂದೇ ಕೋಣೆಯಲ್ಲಿ. ನಿಮ್ಮ ಕರಡಿಯ ಜಾಗದಲ್ಲಿ ನಮಗೆ ಆನೆ, ಅಷ್ಟೇ ವ್ಯತ್ಯಾಸ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಈ ವಿಷಯ ನನಗೆ ತುಂಬಾ ಹತ್ತಿರದ್ದು.

ಮೊದಲು ‘ಕಥೆ ಕಟ್ಟಿ’ ಅನ್ನುವ ಮಾತು ಬಿಟ್ಟುಬಿಡಿ. ಕಥೆ ಅಂದರೆ ಪುಸ್ತಕದಲ್ಲಿ ಇರುವುದು, ಟೀಚರ್‌ಗೆ ಬೇಕಾಗಿರುವುದು, ಕೊನೆಯಲ್ಲಿ ನೀತಿ ಇರುವುದು ಅಂತ ಮಕ್ಕಳಿಗೆ ಆಗಲೇ ಗೊತ್ತಾಗಿಬಿಟ್ಟಿದೆ. ಅದಕ್ಕೇ ಸಿಂಹ ಬರುವುದು. ಊಟದ ಸಾಲಿನ ಆ ಕರಡಿಯೇ ಕಥೆ. ಅದು ತರಗತಿಯ ಒಳಗೆ ಬರುವ ಹಾಗೆ ಮಾಡಬೇಕು.

ನಾನು ಮಾಡುವ ಕ್ರಮ ನನ್ನದಲ್ಲ. ಅಮೆರಿಕದ ಶಿಕಾಗೋದಲ್ಲಿ ವಿವಿಯನ್ ಪೇಲಿ ಅಂತ ಒಬ್ಬ ಟೀಚರ್ ಇದ್ದರು. ಜೀವಮಾನವೆಲ್ಲ ಪುಟ್ಟ ಮಕ್ಕಳಿಗೇ ಪಾಠ ಮಾಡಿದವರು. 1989ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಬಂತು, 2019ರಲ್ಲಿ ತೀರಿಕೊಂಡರು. ಅವರು ಮಾಡುತ್ತಿದ್ದದ್ದು ಇಷ್ಟು: ಮಗು ಹೇಳುತ್ತದೆ, ಟೀಚರ್ ಬರೆದುಕೊಳ್ಳುತ್ತಾರೆ, ಅದನ್ನು ಎಲ್ಲ ಮಕ್ಕಳೂ ಸೇರಿ ಆಡಿ ತೋರಿಸುತ್ತಾರೆ. ಸುಮ್ನೆ ಬರೆದುಕೊಳ್ಳುತ್ತಿದ್ದಾಗ ಅವರ ಮಕ್ಕಳಿಗೂ ಅಷ್ಟೇನೂ ಆಸಕ್ತಿ ಇರಲಿಲ್ಲವಂತೆ. ಒಬ್ಬ ಹುಡುಗನ ಕಥೆಯನ್ನು ಆಡಿಸಿದ ಮೇಲೆ ಎಲ್ಲರೂ ‘ನಂದೂ ಬರ್ಕೊಳ್ಳಿ’ ಅಂತ ಬಂದರು. ನನ್ನ ತರಗತಿಯಲ್ಲೂ ಹಾಗೇ ಆಗಿದ್ದು. ಆಟ ಇಲ್ಲದಿದ್ದರೆ ಇದು ಇನ್ನೊಂದು ಉಕ್ತಲೇಖನ, ಅಷ್ಟೇ.

ಬರೆದುಕೊಳ್ಳುವುದು ಹೀಗೆ. ಬೆಳಿಗ್ಗೆ ಹಾಲು ಕುಡಿದು ಮಕ್ಕಳು ತಟ್ಟೆಗಳಲ್ಲಿ, ಅಂದರೆ ತಮ್ಮ ತಮ್ಮ ಕಲಿಕೆಯ ಗುಂಪುಗಳಲ್ಲಿ, ಕೂತ ಮೇಲೆ, ನಾಲ್ಕು ಐದನೇ ತಟ್ಟೆಯವರು ಅವರ ಪಾಡಿಗೆ ಕಾರ್ಡು ಮಾಡುತ್ತಿರುವಾಗ, ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಹಾಳೆ ಚಿಕ್ಕದು, ನೋಟ್‌ಬುಕ್ಕಿನ ಅರ್ಧ. ಹಾಳೆ ತುಂಬಿದರೆ ಕಥೆ ಮುಗಿಯಿತು ಅಂತ ಮೊದಲೇ ಹೇಳಿರುತ್ತೇನೆ, ಇಲ್ಲದಿದ್ದರೆ ಕೆಲವರು ಮಧ್ಯಾಹ್ನದವರೆಗೂ ಹೇಳುತ್ತಾರೆ! ಮಗು ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯುತ್ತೇನೆ. ಬರೆಯುವಾಗ ಪ್ರತಿ ಪದವನ್ನೂ ಬಾಯಲ್ಲಿ ಹೇಳುತ್ತೇನೆ. ಮಗುವಿನ ಕಣ್ಣು ನನ್ನ ಪೆನ್ನಿನ ಹಿಂದೆ ಓಡುತ್ತಿರುತ್ತದೆ. ತಾನು ಆಡಿದ ಮಾತು ಅಕ್ಷರವಾಗುವುದನ್ನು ಅದು ಪಕ್ಕದಲ್ಲೇ ಕೂತು ನೋಡುತ್ತದೆ. ಓದು ಬರಹಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನಂತೂ ಕಂಡಿಲ್ಲ.

ಎರಡನೇ ತರಗತಿಯ ಒಬ್ಬ ಹುಡುಗ ಬರೆಸಿದ ಕಥೆ ಇದು, ಪೂರ್ತಿ ಇಷ್ಟೇ:

‘ಆನೆ ಬಂತು. ನಮ್ಮಪ್ಪ ಬ್ಯಾಟ್ರಿ ಬುಟ್ಟ. ಆನೆ ಓಡೋಯ್ತು. ಮತ್ತೆ ಬಂತು. ಜೊತೇಲಿ ಮರಿ ಇತ್ತು. ನಮ್ಮಪ್ಪ ಬ್ಯಾಟ್ರಿ ಆರ್ಸ್ದ. ಮುಗೀತು.’

ಇದಕ್ಕೆ ನಾನು ಏನು ಸೇರಿಸಲಿ ಹೇಳಿ? ‘ಅಪ್ಪ ಯಾಕೆ ಆರಿಸಿದ?’ ಅಂತ ಕೇಳಬೇಕು ಅನ್ನಿಸುತ್ತದೆ ಅಲ್ವಾ? ಕೇಳಬೇಡಿ. ಆಡುವಾಗ ಅದು ತಾನಾಗೇ ಹೊರಗೆ ಬರುತ್ತದೆ.

ಆಡಿಸುವುದು ಅದೇ ದಿನ ಆಗಬೇಕು. ನಾಳೆ ಅಂದರೆ ಬಿಸಿ ಆರಿಹೋಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಚೌಕ ಬರೆಯುತ್ತೇನೆ, ಅದೇ ರಂಗ. ಮಕ್ಕಳು ನಾಲ್ಕೂ ಕಡೆ ಕೂರುತ್ತಾರೆ. ಕಥೆ ಹೇಳಿದ ಮಗು ತನಗೆ ಬೇಕಾದ ಪಾತ್ರ ಆರಿಸಿಕೊಳ್ಳುತ್ತದೆ. ಉಳಿದ ಪಾತ್ರಗಳು ಕೂತ ಸಾಲಿನ ಪ್ರಕಾರ ಒಬ್ಬೊಬ್ಬರಿಗೆ ಹೋಗುತ್ತವೆ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಮೇಡಂ. ‘ಯಾರು ಆನೆ ಆಗ್ತೀರಾ?’ ಅಂತ ಕೇಳಿದರೆ ಅದೇ ನಾಲ್ಕು ಕೈ ಮೇಲೇಳುತ್ತವೆ. ಸಾಲಿನ ಪ್ರಕಾರ ಹೋದರೆ ಮಾತೇ ಆಡದ ಮಗುವಿಗೂ ಸರದಿ ಬರುತ್ತದೆ. ಬೇಡ ಅಂದರೆ ಬೇಡ, ಪಕ್ಕದವರಿಗೆ ಹೋಗುತ್ತದೆ. ಹುಡುಗ ಅಮ್ಮ ಆಗಬಹುದು, ಹುಡುಗಿ ಅಪ್ಪ ಆಗಬಹುದು.

ಆ ಆನೆ ಕಥೆಯಲ್ಲಿ ಹುಡುಗ ತಾನೇ ಅಪ್ಪ ಆದ. ಸಾಲಿನಲ್ಲಿ ಮುಂದಿದ್ದ ಹುಡುಗಿ ಬ್ಯಾಟರಿ ಆದಳು. ಬ್ಯಾಟರಿಯನ್ನು ಹೇಗೆ ಆಡುವುದು ಅಂತ ನಾನು ಯೋಚಿಸುವಷ್ಟರಲ್ಲಿ ಅವಳು ಎರಡೂ ಅಂಗೈ ಮುಚ್ಚಿ, ಅಪ್ಪ ಹೆಗಲು ಮುಟ್ಟಿದ ಕೂಡಲೇ ‘ಚಕ್’ ಅಂತ ಬಿಡಿಸಿ ಆನೆಯ ಮುಖಕ್ಕೆ ಹಿಡಿದಳು. ಮರಿಯ ಸರದಿ ಬಂದಿದ್ದು ಹಾಡಿಯ ಒಂದನೇ ತರಗತಿ ಹುಡುಗನಿಗೆ. ಶಾಲೆ ಶುರುವಾದಾಗಿನಿಂದ ಯಾರ ಹತ್ತಿರವೂ ಮಾತಾಡದ ಮಗು. ಮಾತು ಬೇಡದ ಪಾತ್ರ ಅದು. ದೊಡ್ಡ ಆನೆಯ ಹೊಟ್ಟೆಯ ಕೆಳಗೆ ನುಸುಳಿಕೊಂಡು, ಒಂದು ಕೈಯನ್ನು ಸೊಂಡಿಲಿನ ಹಾಗೆ ಆಡಿಸುತ್ತಾ ಹೋದ. ಮರಿ ಆನೆ ನಡೆಯುವುದು ಹೇಗೆ ಅಂತ ಅವನಷ್ಟು ಚೆನ್ನಾಗಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಬ್ಯಾಟ್ರಿ ಆರ್ಸ್ದ’ ಅಂತ ನಾನು ಓದಿದಾಗ ಅಪ್ಪ ಆಗಿದ್ದ ಹುಡುಗ ಬ್ಯಾಟರಿಯ ಕೈ ಮುಚ್ಚಿಸಿ, ಪಿಸುದನಿಯಲ್ಲಿ ‘ಹೆದ್ರ್‌ಬುಡ್ತದೆ’ ಅಂದ. ನಾನು ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರ ಬಂತು.

ತಾಂಡಾ ಮಕ್ಕಳ ಬಗ್ಗೆ ಕೇಳಿದ್ದೀರಿ. ಅವರು ಲಂಬಾಣಿಯಲ್ಲೇ ಹೇಳಲಿ. ಕನ್ನಡ ಲಿಪಿಯಲ್ಲಿ, ಕೇಳಿಸಿದ ಹಾಗೆ ಬರೆದುಕೊಳ್ಳಿ. ‘ಯಾಡಿ’ ಅಂದರೆ ‘ಯಾಡಿ’ ಅಂತಲೇ ಬರೆಯಿರಿ, ‘ಅಮ್ಮ’ ಅಂತ ತಿದ್ದಬೇಡಿ. ಎರಡೂ ಮಾತು ಬಲ್ಲ ಮೂರನೇ ತರಗತಿಯ ತಾಂಡಾ ಮಗುವನ್ನು ಜೊತೆಗೆ ಕೂರಿಸಿಕೊಳ್ಳಿ. ಓದಿ ಹೇಳುವಾಗ ಮೊದಲು ಅವರ ಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ. ಆಡುವಾಗ ಊರಿನ ಮಕ್ಕಳೂ ನಾಲ್ಕು ಲಂಬಾಣಿ ಮಾತು ಕಲಿಯುತ್ತಾರೆ. ಆ ಮಗುವಿಗೆ ಆಗ ಎಷ್ಟು ಬಲ ಬರುತ್ತದೆ ನೋಡಿ.

ಆಡಿ ಮುಗಿದ ಮೇಲೆ ಹಾಳೆಯನ್ನು ತರಗತಿಯಲ್ಲಿ ತಲೆಯ ಮೇಲೆ ಎಳೆದ ದಾರಗಳ ಚಪ್ಪರಕ್ಕೆ ಕಟ್ಟಿ, ಕೈಗೆಟಕುವಷ್ಟು ಕೆಳಗೆ. ನಮ್ಮಲ್ಲಿ ಅತಿ ಹೆಚ್ಚು ಓದಿಸಿಕೊಂಡಿರುವುದು ಆ ಹಾಳೆಗಳೇ. ಯಾವ ಕಾರ್ಡನ್ನೂ ಅಷ್ಟು ಸಲ ಓದಿಲ್ಲ.

ಇನ್ನು ಏಣಿ. ನಲಿ-ಕಲಿ ಶುರುವಾಗಿದ್ದೇ ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಇಲ್ಲಿನ ಮೇಷ್ಟ್ರುಗಳೇ ಒಟ್ಟಿಗೆ ಕೂತು ಕಾರ್ಡು, ಹಾಡು, ಕಥೆ ಎಲ್ಲ ಸಿದ್ಧ ಮಾಡಿದರು. ಕಥೆ ಬೇರೆ, ಏಣಿ ಬೇರೆ ಅಂತ ಯಾರೂ ಇಟ್ಟಿರಲಿಲ್ಲ. ಪುಟ್ಟ ಮಕ್ಕಳ ಓದು, ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಬಂದ ಮೇಲೆ ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು ಅಂತ ಗುರಿ ಇದೆ. ತಾನೇ ಹೇಳಿದ ಕಥೆಯನ್ನು ಮಗು ಅರ್ಥ ಮಾಡಿಕೊಂಡೇ ಓದುತ್ತದೆ, ಅಲ್ವಾ? ಯಾರಾದರೂ ಕೇಳಿದರೆ ಚಪ್ಪರದ ಕೆಳಗೆ ಕರೆದುಕೊಂಡು ಹೋಗಿ, ಮಗುವಿನ ಕೈಲೇ ಓದಿಸಿ ತೋರಿಸಿ.

ಎಷ್ಟು ಹೊತ್ತು ಅಂದರೆ, ದಿನಕ್ಕೆ ಒಂದು ಕಥೆ ಬರೆದುಕೊಳ್ಳಿ, ಹೆಚ್ಚೆಂದರೆ ಎರಡು. ಆಟಕ್ಕೆ ಕಾಲು ಗಂಟೆ ಸಾಕು. ಹೆಸರಿನ ಪಟ್ಟಿ ಗೋಡೆಗೆ ಹಚ್ಚಿ, ಸರದಿ ಯಾವಾಗ ಅಂತ ಎಲ್ಲರಿಗೂ ಗೊತ್ತಿರಲಿ.

---

ಶಿವಮೊಗ್ಗ ಮೇಷ್ಟ್ರು:

ಕೋಟೆ ಮೇಡಂ ಹೇಳಿದ್ದು ಒಪ್ಪುತ್ತೇನೆ. ನನ್ನದೊಂದು ಸೇರಿಸುತ್ತೇನೆ. ‘ಏನು ಹೇಳಲಿ ಸರ್’ ಅಂತ ನಿಂತುಬಿಡುವ ಮಕ್ಕಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಇಟಲಿಯ ಮಕ್ಕಳ ಲೇಖಕ ಜಾನ್ನಿ ರೊದಾರಿ, ಸ್ವಲ್ಪ ಕಾಲ ಮೇಷ್ಟ್ರಾಗಿದ್ದವರು, 1970ರಲ್ಲಿ ಮಕ್ಕಳ ಸಾಹಿತ್ಯದ ಆಂಡರ್ಸನ್ ಪ್ರಶಸ್ತಿ ಪಡೆದವರು, ಒಂದು ಆಟ ಹೇಳಿಕೊಟ್ಟಿದ್ದಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದ ತೆಗೆದುಕೊಳ್ಳಬೇಕು. ಅವರ ಉದಾಹರಣೆ ನಾಯಿ ಮತ್ತು ಬೀರು. ಎರಡನ್ನೂ ಬೇರೆ ಬೇರೆ ಥರ ಜೋಡಿಸುತ್ತಾ ಹೋಗುವುದು. ಕನ್ನಡದಲ್ಲಿ ಈ ಆಟ ತುಂಬಾ ಸಲೀಸು, ವಿಭಕ್ತಿ ಬದಲಾಯಿಸಿದರೆ ಸಾಕು. ನಿಮ್ಮ ಕರಡಿಗೇ ಒಂದು ಮೊಬೈಲ್ ಕೊಡಿ: ಕರಡಿಯ ಮೊಬೈಲು. ಮೊಬೈಲಿನಲ್ಲಿ ಕರಡಿ. ಕರಡಿಗೆ ಮೊಬೈಲು. ಮೊಬೈಲಿನಿಂದ ಕರಡಿ. ಒಂದೊಂದೂ ಬೇರೆ ಕಥೆ. ‘ಕರಡಿಯ ಮೊಬೈಲಿಗೆ ಯಾರ ಫೋನು ಬರುತ್ತೆ?’ ಅಂತ ಕೇಳಿದರೆ ಯಾವ ಮಗು ಸುಮ್ಮನಿರುತ್ತದೆ?

ಪದಗಳನ್ನು ನೀವು ಕೊಡಬೇಡಿ. ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಕಾಣದ ಹಾಗೆ ಬರೆಯಲಿ. ನಲಿ-ಕಲಿ ಕೋಣೆಯಲ್ಲಿ ಗೋಡೆಯ ಕೆಳಗಡೆ ಉದ್ದಕ್ಕೂ ಕಪ್ಪುಹಲಗೆ ಇರುತ್ತದಲ್ಲ, ಒಬ್ಬರು ಆ ಮೂಲೆ, ಇನ್ನೊಬ್ಬರು ಈ ಮೂಲೆ.

ಇನ್ನೊಂದು, ನಮ್ಮ ಅಜ್ಜಿಯರ ಕ್ರಮ ಬಿಡಬೇಡಿ. ಕಥೆ ಹೇಳುವಾಗ ‘ಹೂಂ’ ಅನ್ನುವುದಕ್ಕೆ ಒಬ್ಬರು ಬೇಕೇ ಬೇಕು. ದಿನಾ ಒಂದು ಮಗುವಿಗೆ ಹೂಂಗುಟ್ಟುವ ಕೆಲಸ ಕೊಡಿ. ಮಾತು ಕಡಿಮೆ ಇರುವ ಮಗುವಿಗೇ ಮೊದಲು ಕೊಡಿ. ‘ಹೂಂ’ ನಿಂತರೆ ಕಥೆಯೂ ನಿಲ್ಲುತ್ತದೆ ಅಂತ ಹೇಳಿ. ಆ ಮಗು ಆ ದಿನ ಎಷ್ಟು ಮುಖ್ಯ ಆಗಿಬಿಡುತ್ತದೆ ನೋಡಿ.

---

ಎರಡನೇ ಕ್ಲಾಸ್ ಹುಡುಗಿಯ ಅಪ್ಪ:

ನಾನು ಶಿಕ್ಷಕನಲ್ಲ, ಕೇಳಬಹುದು ಅಂದುಕೊಂಡಿದ್ದೇನೆ. ಮಗು ‘ಬುಟ್ಟ’, ‘ಓಡೋಯ್ತು’ ಅಂದಿದ್ದನ್ನು ಹಾಗೇ ಬರೆದು ಗೋಡೆಗೆ ಹಾಕಿದರೆ ಅದೇ ಸರಿ ಅಂತ ಕಲಿಯುವುದಿಲ್ಲವಾ? ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಕೊಡುತ್ತಾರಾ? ಎರಡನೆಯದು, ಕಥೆಯಲ್ಲಿ ಒಂದು ನೀತಿ ಇದ್ದರೆ ತಪ್ಪೇನು? ನಾವೆಲ್ಲ ಪುಣ್ಯಕೋಟಿ ಕೇಳಿಕೊಂಡೇ ಬೆಳೆದಿದ್ದು.

---

ಕೋಟೆ ಮೇಡಂ:

ಸರ್, ಖಂಡಿತ ಕೇಳಬೇಕು. ನಮ್ಮ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಇದನ್ನೇ ಕೇಳಿದ್ದರು.

ಪುಸ್ತಕದ ಕನ್ನಡ ಬೇಡ ಅಂತ ನಾನು ಹೇಳುತ್ತಿಲ್ಲ. ಕಾರ್ಡಿನಲ್ಲಿ, ಪುಸ್ತಕದಲ್ಲಿ, ನಾನು ಓದಿ ಹೇಳುವ ಕಥೆಯಲ್ಲಿ ದಿನವಿಡೀ ಅದೇ ಇರುತ್ತದೆ. ಎರಡು ಮೂರನೇ ತರಗತಿಗೆ ಬರುವ ಹೊತ್ತಿಗೆ ಮಕ್ಕಳು ತಾವಾಗೇ ‘ಮಿಸ್, ಓಡಿಹೋಯಿತು ಅಂತ ಬರೀರಿ’ ಅನ್ನುತ್ತಾರೆ. ಆಗ ಹಾಗೇ ಬರೆಯುತ್ತೇನೆ. ಅವರೇ ತಿದ್ದಿಕೊಂಡಿದ್ದು ನಿಲ್ಲುತ್ತದೆ. ಒಂದನೇ ತರಗತಿಯಲ್ಲಿ ಬಾಯಿ ಬಿಟ್ಟ ಕೂಡಲೇ ನಾವು ತಿದ್ದಿದರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ. ನಾನು ಹೆದರುವುದು ಅದಕ್ಕೆ.

ಪುಣ್ಯಕೋಟಿ ನನಗೂ ಇಷ್ಟ, ಪ್ರತಿ ವರ್ಷ ಹಾಡಿಸುತ್ತೇನೆ. ಆದರೆ ‘ಸತ್ಯವನ್ನೇ ಹೇಳಬೇಕು’ ಅಂತ ಕೊನೆಯಲ್ಲಿ ಒಂದು ಸಾಲು ಬರೆಸಬೇಕಾಗಿಲ್ಲ ಸರ್. ತಬ್ಬಲಿ ಕರುವನ್ನು ಬಿಟ್ಟು ಹಸು ಹೊರಟಾಗ ಮಕ್ಕಳ ಮುಖ ನೋಡಿದರೆ ಸಾಕು. ನೀತಿಯ ಸಾಲು ಬರೆಸುವ ಅಭ್ಯಾಸ ಆದರೆ ಮಕ್ಕಳು ಕಥೆಯನ್ನು ಹಿಂದಿನಿಂದ ಮುಂದಕ್ಕೆ ಹೇಳಲು ಶುರು ಮಾಡುತ್ತಾರೆ. ಮೊದಲು ನೀತಿ ಹುಡುಕುತ್ತಾರೆ, ಆಮೇಲೆ ಅದಕ್ಕೆ ಒಂದು ಸಿಂಹ ಹುಡುಕುತ್ತಾರೆ.

ಹಳೆಯ ಕಥೆಯನ್ನೇ ಮಕ್ಕಳ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ ಹೇಳುತ್ತೇನೆ. ಕಾಗಕ್ಕ ಗುಬ್ಬಕ್ಕ ಎಲ್ಲರಿಗೂ ಗೊತ್ತು. ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ, ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ, ಒಳಗಿನಿಂದ ಗುಬ್ಬಕ್ಕ ‘ತಡಿ, ಮಗೂಗೆ ನೀರು ಹಾಕ್ತಿದೀನಿ’ ಅನ್ನುತ್ತಾಳೆ. ನಾನು ಬಾಗಿಲು ತಟ್ಟುವಲ್ಲಿಗೆ ನಿಲ್ಲಿಸಿ, ‘ಒಳಗಿಂದ ಏನು ಕೇಳಿಸಿತು?’ ಅಂದೆ. ಒಬ್ಬಳು ಥಟ್ಟನೆ, ‘ಏನೂ ಇಲ್ಲ ಮಿಸ್. ಗುಬ್ಬಕ್ಕ ಕೊಡಗಿಗೆ ಕಾಫಿ ಕುಯ್ಯಕೆ ಹೋಗವ್ಳೆ, ಬೀಗ ಹಾಕದೆ’ ಅಂದಳು. ಇನ್ನೊಬ್ಬ, ‘ಬೀಗದ ಕೈ ಪಕ್ಕದ್ಮನೇಲಿ ಕೊಟ್ಟೋಗವ್ಳೆ’ ಅಂದ. ಮತ್ತೊಬ್ಬಳು, ಹಾಗಾದರೆ ಮರಿಗಳು ಶಾಲೆಗೆ ಹೋಗುವುದು ಹೇಗೆ ಅಂತ ಕೇಳಿದಳು. ನಮ್ಮ ಹಾಡಿಯ ಎಷ್ಟೋ ಮನೆಗೆ ಕಾಫಿ ಕೊಯ್ಲಿನ ಕಾಲದಲ್ಲಿ ಬೀಗ ಬೀಳುತ್ತದೆ. ಮಕ್ಕಳೂ ಜೊತೆಗೇ ಹೋಗುತ್ತಾರೆ, ಹಾಜರಿ ಪುಸ್ತಕದಲ್ಲಿ ಗೈರು ಅಂತ ಬೀಳುತ್ತದೆ. ಆ ವಿಷಯವನ್ನು ಆರು ಏಳು ವರ್ಷದ ಮಕ್ಕಳು ಒಂದು ಗುಬ್ಬಿಯ ಮನೆಯ ಮುಂದೆ ನಿಂತು ಮಾತಾಡಿದರು. ಇದರ ಮೇಲೆ ನಾನೊಂದು ನೀತಿ ಹೇರಲೇ ಸರ್?

ಇನ್ನೆರಡು ಮಾತು, ಎಲ್ಲ ಟೀಚರ್‌ಗಳಿಗೂ. ‘ಇವತ್ತಿನ ಅತ್ಯುತ್ತಮ ಕಥೆ’ ಅಂತ ಆರಿಸಬೇಡಿ. ಮರುದಿನದಿಂದ ಎಲ್ಲರೂ ಆ ಕಥೆಯನ್ನೇ ಹೇಳುತ್ತಾರೆ. ಮತ್ತೆ, ಮಕ್ಕಳು ಆಡುವಾಗ ಮೊಬೈಲ್ ಹಿಡಿಯಬೇಡಿ. ಸ್ಟೇಟಸ್‌ಗೆ ಹಾಕಲು ಚೆನ್ನಾಗಿರುತ್ತದೆ, ನಿಜ. ಆದರೆ ಕ್ಯಾಮೆರಾ ಕಂಡ ಮಕ್ಕಳು ಒಬ್ಬರಿಗೊಬ್ಬರು ಆಡುವುದು ಬಿಟ್ಟು ನಿಮಗೆ ಆಡಿ ತೋರಿಸುತ್ತಾರೆ.

---

ಕೂಡ್ಲಿಗಿ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶುರು ಮಾಡಿದ್ದೇನೆ. ಕರಡಿ ಕಥೆಗಳು ಸಾಲುಗಟ್ಟಿವೆ! ಮೊದಲನೆಯ ಕಥೆಯಲ್ಲಿ ಕರಡಿಗೆ ಮೂರು ಸಲ ಕವಳೆ ಹಣ್ಣು ಸಿಕ್ಕಿತು, ಅಷ್ಟೇ ಕಥೆ. ಮೂರೂ ಸಲ ತಿನ್ನುವುದನ್ನು ಆಡಿ ತೋರಿಸಿದರು. ಒಂದನೇ ತರಗತಿಯ ತಾಂಡಾ ಹುಡುಗಿಗೆ ಹೂಂಗುಟ್ಟುವ ಕೆಲಸ ಕೊಟ್ಟೆ. ಮೊದಲು ತಲೆ ಆಡಿಸಿದಳು. ಅವಳ ‘ಹೂಂ’ಗೆ ಕಾದು ನಿಲ್ಲಿಸಿದ್ದಕ್ಕೆ ಉಳಿದ ಮಕ್ಕಳೇ ‘ಅನ್ನೇ, ಅನ್ನೇ’ ಅಂತ ಕೂಗಿದರು. ಕೊನೆಗೆ ಜೋರಾಗಿಯೇ ಅಂದಳು.

ಒಂದು ವಿಷಯ ಮಾತ್ರ ಕೇಳಲೇಬೇಕು. ನಿನ್ನೆ ಒಂದು ಮಗು ಬರೆಸುವಾಗ, ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆದ, ನಾನು ಕಣಜದ ಹಿಂದೆ ಬಚ್ಚಿಟ್ಟುಕೊಂಡೆ ಅಂತ ಹೇಳಿತು. ಕೈ ನಡುಗಿತು ನನಗೆ. ಬರೆದುಕೊಂಡೆ. ಆಡಿಸಲಿಲ್ಲ. ಇಂಥದ್ದು ಬಂದರೆ ನೀವು ಏನು ಮಾಡುತ್ತೀರಿ?

---

ಕೋಟೆ ಮೇಡಂ:

ಬರೆದುಕೊಂಡಿದ್ದು ಒಳ್ಳೆಯದಾಯಿತು ಮೇಡಂ. ‘ಹಾಗೆಲ್ಲ ಹೇಳಬಾರದು’ ಅಂದುಬಿಟ್ಟಿದ್ದರೆ ಆ ಮಗು ಇನ್ನೆಲ್ಲೂ ಹೇಳುತ್ತಿರಲಿಲ್ಲ.

ಇಂಥ ಕಥೆ ಬಂದಾಗ ನಾನು ಮಗುವಿಗೇ ಕೇಳುತ್ತೇನೆ: ‘ಇದನ್ನು ಎಲ್ಲರ ಮುಂದೆ ಓದೋಣವಾ, ನಮ್ಮಿಬ್ಬರ ಹತ್ತಿರ ಇಟ್ಟುಕೊಳ್ಳೋಣವಾ?’ ಹೆಚ್ಚಿನ ಮಕ್ಕಳು ಇಟ್ಟುಕೊಳ್ಳೋಣ ಅನ್ನುತ್ತಾರೆ. ಓದೋಣ ಅಂದರೂ ಇಂಥದ್ದನ್ನು ನಾನು ಆಡಿಸುವುದಿಲ್ಲ, ಚಪ್ಪರಕ್ಕೂ ಕಟ್ಟುವುದಿಲ್ಲ. ಚಿಕ್ಕ ಊರು, ಸಂಜೆಯೊಳಗೆ ಮನೆಗೆ ಸುದ್ದಿ ಹೋಗುತ್ತದೆ, ಪೆಟ್ಟು ಮಗುವಿಗೇ ಬೀಳುತ್ತದೆ. ಅದರ ಬದಲು ಅದೇ ದಿನ ಇನ್ನೊಂದು ಕಥೆ ಬರೆಸಿಕೊಂಡು ಅದನ್ನು ಆಡಿಸುತ್ತೇನೆ, ಸರದಿ ತಪ್ಪಿತು ಅಂತ ಮಗುವಿಗೆ ಅನ್ನಿಸಬಾರದು.

ಆಮೇಲೆ ಒಂಟಿಯಾಗಿ ಮಾತಾಡಿಸಿ, ಆದರೆ ಪೊಲೀಸರ ಹಾಗೆ ಪ್ರಶ್ನೆ ಹಾಕಬೇಡಿ. ‘ನೀನು ಹೇಳಿದ್ದು ಒಳ್ಳೆಯದಾಯ್ತು, ನಿಂದೇನೂ ತಪ್ಪಿಲ್ಲ’ ಅಂತ ಮೊದಲು ಹೇಳಿ. ಅಮ್ಮ ಶಾಲೆ ಕಡೆ ಬಂದಾಗ ಬೇರೆ ನೆಪದಲ್ಲಿ ಮಾತಾಡಿ, ಹೇಗಿದ್ದಾರೆ ನೋಡಿ. ನಿಮ್ಮ ಮುಖ್ಯ ಶಿಕ್ಷಕರಿಗೆ ಹೇಳಿಡಿ, ಒಬ್ಬರೇ ಹೊತ್ತುಕೊಳ್ಳಬೇಡಿ. ಮಗುವಿಗೂ ಏಟು ಬೀಳುತ್ತಿದೆ, ಅಪಾಯ ಇದೆ ಅನ್ನಿಸಿದರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ನಂಬರನ್ನು ತರಗತಿಯ ಗೋಡೆಯ ಮೇಲೂ ದೊಡ್ಡದಾಗಿ, ಒಂದನೇ ತರಗತಿ ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆಸಿ.